ಉಜ್ಜಿದ ನಾಲ್ಕು ಕುರ್ಚಿಗಳು

ಮಾರ್ಚ್ ೧೪, ಶನಿವಾರ.

ಊಟದ ಮೇಜಿನ ನಾಲ್ಕೂ ಕುರ್ಚಿಗಳ ಹಳೆಯ ವಾರ್ನಿಶ್ ಉಜ್ಜಿ ತೆಗೆದದ್ದಾಯಿತು. ನನ್ನ ತೋಳು ಸೋತುಹೋಗಿದೆ. ನಾಳೆ ಬಳಿಯಲು ತಂದ ಹೊಸ ಡಬ್ಬಿಯ ಮೇಲೆ ‘ಯೂನಿಫಾರ್ಮ್ ಫಿನಿಶ್’ ಎಂದಿತ್ತು, ಎಲ್ಲ ಒಂದೇ ಸಮ ಕಾಣಬೇಕು ಅಂತ. ಕಾಲೇಜಿನ ಇಂಗ್ಲಿಷಿನಲ್ಲಿ ಅಷ್ಟಾದರೂ ಉಳಿದಿದೆಯಲ್ಲ ಎಂದು ಅದನ್ನೇ ಪಾಲಿಸಿದೆ; ಕಲೆ, ಗೀರು ಒಂದನ್ನೂ ಬಿಡಲಿಲ್ಲ. ನನ್ನವಳು ಒದ್ದೆ ಟವೆಲ್ ಹಾಕಿ ಹಾಕಿ ತನ್ನ ಕುರ್ಚಿಯ ಬೆನ್ನಿಗೆ ಬಿಳಿ ಪಟ್ಟೆ ಬರಿಸಿದ್ದಳು. ಅದೂ ಹೋಯಿತು.

ಸಂಜೆ ಮಗಳು ಬಂದಳು. ಕೂರಲು ಹೋದವಳು ಹಾಗೇ ನಿಂತಳು. ಅವಳಮ್ಮ ಹೋದ ಮೇಲೆ ಆ ಪಟ್ಟೆಯ ಕುರ್ಚಿಯಲ್ಲಿ ನಾವಿಬ್ಬರೂ ಕೂತಿಲ್ಲ.

“ಅಪ್ಪಾ, ಅಮ್ಮನ ಕುರ್ಚಿ ಯಾವುದು?”

ನನಗೂ ಗೊತ್ತಿರಲಿಲ್ಲ. ಉಜ್ಜುವ ಭರದಲ್ಲಿ ಎಲ್ಲ ಅದಲುಬದಲಾಗಿವೆ. ಕಿಟಕಿ ಪಕ್ಕದ್ದನ್ನು ತೋರಿಸಿದೆ.

“ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಅಮ್ಮ ಇದ್ದಿದ್ರೆ ಗ್ರಹಚಾರ ಬಿಡಿಸ್ತಿದ್ಲು.”

“ಬಿಡಿಸ್ತಿದ್ಲು,” ಎಂದೆ.

ಅವಳು ಒಂದೊಂದರಲ್ಲೂ ಕೂತು ನೋಡಿದಳು. ತಿಳಿಯಲಿಲ್ಲ. ಕೊನೆಗೆ ಕೂತಲ್ಲೇ ತಟ್ಟೆ ಎಳೆದುಕೊಂಡಳು. ನಾನೂ ಕೈಗೆ ಸಿಕ್ಕಿದ ಕುರ್ಚಿಯಲ್ಲಿ ಕೂತೆ. ಇಬ್ಬರಲ್ಲಿ ಯಾರೋ ಒಬ್ಬರು ನನ್ನವಳ ಕುರ್ಚಿಯಲ್ಲೇ ಕೂತು ಉಂಡಿರಬಹುದು. ಯಾರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಊಟ ಸೇರಿತು. ಇಷ್ಟು ದಿನ ಮೇಜಿನಲ್ಲಿ ನನ್ನವಳು ಕೂರುತ್ತಿದ್ದ ಬದಿಗೆ ನಾನು ಕಣ್ಣನ್ನೂ... ಇರಲಿ, ನಿದ್ದೆ ಎಳೆಯುತ್ತಿದೆ.