ಹನ್ನೊಂದು ಸಲ ಬಂದು ಹನ್ನೊಂದು ಸಲ ಹೋದವರ ಮಗಳು

ವೀಸಾ ಕಚೇರಿಯ ಹಿಂದಿನ ಬೀದಿ,
ಲಾಡ್ಜಿನ ಮೂರನೇ ಮಹಡಿ,
ಮಾರ್ಚ್ 9, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎಡ ಮೊಣಕಾಲು ಏನನ್ನುತ್ತಿದೆ? ಹಡಗಿನ ಖಲಾಸಿಗಳಿಗೆಲ್ಲ ಮೇಸ್ತ್ರಿಯಾದ ಮೇಲೂ ಹಗ್ಗ ಎಳೆಯುವುದಕ್ಕೆ ನೀವೇ ಮುಂದೆ ನಿಲ್ಲುತ್ತೀರಂತೆ. ಅಮ್ಮ ಕೊಟ್ಟ ಎಣ್ಣೆಯನ್ನು ಬಾಟಲಿಯಲ್ಲೇ ಜೋಪಾನ ಮಾಡಬೇಡಿ, ಹಚ್ಚಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ನಮ್ಮಿಬ್ಬರ ನಡುವೆ ಸಿಕ್ಕಿ ಸುಸ್ತಾಗಿರುವುದೊಂದು ಬಿಟ್ಟರೆ ಅಮ್ಮನೂ ಚೆನ್ನಾಗಿದ್ದಾಳೆ. ಆರು ವಾರದಿಂದ ನೀವು ನನ್ನ ಫೋನು ಎತ್ತುತ್ತಿಲ್ಲ. ಅಮ್ಮನ ಫೋನಿನಿಂದ ಮಾಡಿದರೂ ನನ್ನ ದನಿ ಕೇಳಿದ ಕೂಡಲೇ ‘ಸಿಗ್ನಲ್ ಇಲ್ಲ’ ಎಂದು ಇಟ್ಟುಬಿಡುತ್ತೀರಿ. ಸಿಗ್ನಲ್ ಇಲ್ಲದವರು ಅದನ್ನು ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ ಅಪ್ಪಾ. ಅದಕ್ಕೇ ಈ ಕಾಗದ. ನಿಮ್ಮ ಹಡಗು ಹದಿನೆಂಟಕ್ಕೆ ಬಂದರಿಗೆ ಬರುತ್ತದಂತೆ, ಕಂಪನಿಯ ಟಪಾಲು ಚೀಲದಲ್ಲಿ ಇದೂ ಬರುತ್ತದೆ.

ಹಡಗಿನ ಕೆಲಸ ಕೊಡಿಸುವ ಏಜೆಂಟ್ ಆಫೀಸಿನ ದಪ್ಪ ಕನ್ನಡಕದ ಗುಮಾಸ್ತರು ಎಲ್ಲವನ್ನೂ ಹೇಳಿದರು. ‘ನಿಮ್ಮಪ್ಪ ಸಮುದ್ರದಿಂದ ಫೋನ್ ಮಾಡಿದ್ರು ಕಣಮ್ಮ, ನಿನ್ನ ಫೈಲು ಸ್ವಲ್ಪ ದಿನ ಅಡಿಯಲ್ಲೇ ಇರ್ಲಿ ಅಂದ್ರು’ ಎಂದರು. ಕೇಳಿ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಹಡಗಿನ ಇಂಜಿನ್ನು ಓದುವಾಗ ನೀವು ಬೇಡ ಎನ್ನಲಿಲ್ಲ. ಓದು ಮುಗಿದ ಮೇಲೆ ದಡದಲ್ಲಿ ಎಲ್ಲೋ ಒಂದು ಆಫೀಸಿನಲ್ಲಿ, ಫ್ಯಾನಿನ ಕೆಳಗೆ ನನ್ನನ್ನು ಕೂರಿಸಬಹುದು ಎಂದುಕೊಂಡಿದ್ದಿರಿ. ನಾನು ಓದಿದ್ದು ಫ್ಯಾನಿನ ಬಗ್ಗೆ ಅಲ್ಲ. ಎದುರಿಗೆ ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಬೆನ್ನ ಹಿಂದೆ ಫೈಲು ಮುಚ್ಚಿಸಿದಿರಲ್ಲ, ಅದು ನೋವಾಯಿತು. ‘ಅದು ನನ್ನ ಹೆಸರಿನ ಫೈಲು, ಕೊಡಿ’ ಎಂದು ಕೈಚಾಚಿ ನಿಂತೆ. ಅವರು ನನ್ನನ್ನು ನೋಡಿದರು, ಫೋನು ನೋಡಿದರು, ಕೊನೆಗೆ ಕೊಟ್ಟರು. ಅವರ ಮೇಲೆ ರೇಗಬೇಡಿ.

ಆ ಫೈಲು ಹಿಡಿದು ಒಬ್ಬಳೇ ಇಲ್ಲಿಗೆ ಬಂದೆ. ನಾನು ಹತ್ತಬೇಕಾದ ಹಡಗು ಯಾವ ದೇಶದ ಬಂದರಿನಲ್ಲಿ ನಿಲ್ಲುತ್ತದೆ ಎಂದು ನಿಮಗೆ ಗೊತ್ತು. ಅಲ್ಲಿ ವಿಮಾನ ಇಳಿದು ಹಡಗು ಹತ್ತುವಷ್ಟರ ಮಟ್ಟಿಗೆ ಕೊಡುವ ಟ್ರಾನ್ಸಿಟ್ ವೀಸಾ ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಕಂಪನಿಯ ಪತ್ರ, ಟಿಕೆಟ್ಟು, ಇನ್ನೂ ಒಂದು ಬಂದರಿನ ಮುದ್ರೆಯೂ ಬೀಳದ ನನ್ನ ಹೊಸ ಸೀಮನ್ ಬುಕ್ಕು ಎಲ್ಲ ಇದ್ದವು. ಅರ್ಜಿಯ ಮೂರನೇ ಪುಟದಲ್ಲಿ ಒಂದು ಪ್ರಶ್ನೆ: ನಿಮ್ಮ ಹತ್ತಿರದ ಸಂಬಂಧಿಕರು ಯಾರಾದರೂ ಮೊದಲು ನಮ್ಮ ದೇಶಕ್ಕೆ ಬಂದಿದ್ದಾರೆಯೇ, ಎಂದು ಬಂದರು, ಎಂದು ಹೊರಟರು? ನಿಮ್ಮನ್ನು ಕೇಳುವ ಹಾಗಿಲ್ಲ, ನಿಮಗೆ ಸಿಗ್ನಲ್ ಇಲ್ಲ. ಹಾಗಾಗಿ ಮನೆ ಬಿಡುವ ಮೊದಲೇ ಅಮ್ಮನ ಹತ್ತಿರ ನಿಮ್ಮ ಟ್ರಂಕಿನ ಕೀಲಿಕೈ ಕೇಳಿದ್ದೆ. ‘ಕೇಳ್ದೆ ತೆಗೆದ್ರೆ ಅವರು ಕೂಗಾಡ್ತಾರೆ’ ಎಂದಳು ಅಮ್ಮ. ಹಾಗೆನ್ನುತ್ತಲೇ ಕೀಲಿಯನ್ನು ನನ್ನ ಅಂಗೈಗೆ ಹಾಕಿದಳು. ನಿಮ್ಮ ಹಳೆಯ ಸೀಮನ್ ಬುಕ್ಕುಗಳು ಮೂರೂ ಸಿಕ್ಕವು. ನುಸಿಗುಳಿಗೆಯ ವಾಸನೆ ಇನ್ನೂ ನನ್ನ ಬ್ಯಾಗಿನಲ್ಲಿದೆ.

ಗುರುವಾರ ಸಂದರ್ಶನವಿತ್ತು. ಗಾಜಿನ ಆಚೆಯ ಅಧಿಕಾರಿಗೆ ನಿಮ್ಮಷ್ಟೇ ವಯಸ್ಸು, ನಿಮ್ಮಷ್ಟೇ ಅನುಮಾನ. ‘ಹೋಗೋ ಟಿಕೆಟ್ ಇದೆ, ವಾಪಸ್ ಟಿಕೆಟ್ ಎಲ್ಲಿ?’ ಎಂದರು. ಹಡಗು ಹತ್ತಿ ಹೋಗುವವರಿಗೆ ವಾಪಸ್ ಟಿಕೆಟ್ಟು ಯಾಕೆ, ಹಡಗೇ ನನ್ನನ್ನು ನಿಮ್ಮ ದೇಶದಿಂದ ಆಚೆ ಒಯ್ಯುತ್ತದೆ ಎಂದೆ. ‘ಹತ್ತದೇ ಊರೊಳಗೆ ಹೋಗಿಬಿಟ್ರೆ?’ ಎಂದರು. ನನಗೆ ಪಿತ್ತ ನೆತ್ತಿಗೇರಿತು. ನಿಮ್ಮ ಮೂರೂ ಬುಕ್ಕುಗಳನ್ನು ಕಿಂಡಿಯೊಳಗೆ ತಳ್ಳಿದೆ. ‘ನಮ್ಮಪ್ಪ ನಿಮ್ಮ ದೇಶಕ್ಕೆ ಹನ್ನೊಂದು ಸಲ ಬಂದಿದಾರೆ, ಹನ್ನೊಂದು ಸಲವೂ ಹೊರಟಿದಾರೆ. ಎಣಿಸ್ಕೊಳ್ಳಿ’ ಎಂದೆ. ಅವರು ನಿಜವಾಗಿಯೂ ಬೆರಳಿಟ್ಟು ಎಣಿಸಿದರು. ಎರಡನೇ ಬುಕ್ಕಿನ ಫೋಟೋದಲ್ಲಿರುವ ನಿಮ್ಮ ಮೀಸೆ ನೋಡಿ ಸ್ವಲ್ಪ ನಕ್ಕರು ಕೂಡ. ಕೊನೆಗೆ, ‘ನೀನು ಇಲ್ಲಿಗೆ ಬಂದಿರೋದು ಅಪ್ಪನಿಗೆ ಗೊತ್ತಾ?’ ಎಂದು ಕೇಳಿದರು. ಗೊತ್ತಾಗುತ್ತೆ, ಕಾಗದ ಬರೀತೀನಿ ಎಂದೆ. ಇವತ್ತು ಬೆಳಗ್ಗೆ ಪಾಸ್‌ಪೋರ್ಟು ಕೈಗೆ ಬಂತು. ವೀಸಾ ಸಿಕ್ಕಿದೆ ಅಪ್ಪಾ. ಇಪ್ಪತ್ತನಾಲ್ಕಕ್ಕೆ ವಿಮಾನ. ನೀವು ಮುಚ್ಚಿಸಿದ ಫೈಲನ್ನು ನಿಮ್ಮ ಬುಕ್ಕುಗಳೇ ತೆರೆಸಿದವು. ಹೊಟ್ಟೆ ಉರಿಸಿಕೊಳ್ಳಬೇಡಿ.

ಇನ್ನೊಂದು ಮಾತು. ಆ ಕಚೇರಿಯ ಬೆಂಚಿನ ಮೇಲೆ ಕಾಯುತ್ತ ಕೂತಾಗ ನಿಮ್ಮ ಮೊದಲ ಬುಕ್ಕನ್ನು ಮೊದಲ ಪುಟದಿಂದ ಓದಿದೆ. ನಿಮಗಾಗ ಹತ್ತೊಂಬತ್ತು. ಹತ್ತಿರದ ಸಂಬಂಧಿ ಎಂಬ ಸಾಲಿನ ಮುಂದೆ ನಿಮ್ಮದೇ ಅಕ್ಷರದಲ್ಲಿ ‘ಯಾರೂ ಇಲ್ಲ’ ಎಂದಿದೆ. ಆಗ ತಾತ ಗಟ್ಟಿಮುಟ್ಟಾಗಿದ್ದರಲ್ಲ, ಹೊಲಿಗೆ ಅಂಗಡಿಯಲ್ಲಿ ನಿಮಗೆಂದು ಎರಡನೇ ಮಿಷನ್ನು ತಂದು ಇಟ್ಟಿದ್ದರಲ್ಲ? ತಾತ ಬಂದರಿನವರೆಗೂ ಬಂದು, ಕಣ್ಣು ಒರೆಸಿಕೊಂಡು, ಹೋಗಿ ಬಾ ಮಗನೇ ಎಂದು ಕಳಿಸಿಕೊಟ್ಟರು ಎಂದು ಎಷ್ಟು ಸಲ ಹೇಳಿದ್ದೀರಿ! ಚಿಕ್ಕಂದಿನಲ್ಲಿ ಅದನ್ನು ಕೇಳಿ ನಾನೂ ಅತ್ತಿದ್ದೆ. ಅಮ್ಮನನ್ನು ಫೋನಿನಲ್ಲಿ ಕೇಳಿದರೆ, ನೀವು ಹೇಳದೇ ಓಡಿಹೋದಿರಿ, ತಾತ ಮೂರು ವರ್ಷ ನಿಮ್ಮ ಹೆಸರೇ ಎತ್ತಲಿಲ್ಲ ಎಂದಳು. ನಾನು ನಿಮ್ಮನ್ನು ಛೇಡಿಸಲು ಇದನ್ನು ಬರೆಯುತ್ತಿಲ್ಲ. ಸರಿ, ಸ್ವಲ್ಪ ಛೇಡಿಸಲೂ ಹೌದು. ಆದರೆ ‘ಹಡಗು ನಿನಗಲ್ಲ ಕಣೇ’ ಎಂದು ನೀವು ಹೇಳಿದಾಗೆಲ್ಲ ಇನ್ನು ನನಗೆ ಆ ಎರಡನೇ ಮಿಷನ್ನು ಕಾಣುತ್ತದೆ. ನೀವು ಅದರ ಮುಂದೆ ಕೂರಲಿಲ್ಲ. ನಾನೂ ಕೂರುವುದಿಲ್ಲ. ನಿಮಗೆ ಭಯ ಎಂದು ಗೊತ್ತು, ನನಗೂ ಇದೆ. ಭಯ ಇಟ್ಟುಕೊಂಡೇ ಹೋಗುತ್ತೇನೆ, ನಿಮ್ಮ ಒಪ್ಪಿಗೆಗೆ ಕಾಯುವುದಿಲ್ಲ.

ಬೆವರಿದ ಮೈಯಲ್ಲಿ ಗಾಳಿಗೆ ನಿಲ್ಲಬೇಡಿ. ಹಡಗಿನ ಅಡುಗೆಯವರಿಗೆ ನಾನು ಕೇಳಿದೆನೆಂದು ಹೇಳಿ. ನಿಮ್ಮ ಪಾದಗಳಿಗೆ ಇಲ್ಲಿಂದಲೇ ನಮಸ್ಕಾರ. ನೀವು ಆಶೀರ್ವಾದ ಮಾಡದಿದ್ದರೂ ಎರಡು ಸಲ ಮಾಡಿದ್ದೀರಿ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ನಿಮ್ಮ
ಗಿರಗಿಟ್ಲೆ

ಮರೆತಿದ್ದೆ, ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ: ನನ್ನ ಸೀಮನ್ ಬುಕ್ಕಿನಲ್ಲೂ ಆ ಸಾಲಿದೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನಿಮ್ಮ ಹೆಸರು, ನಿಮ್ಮ ನಂಬರು ಕೊಟ್ಟಿದ್ದೇನೆ. ಅಮ್ಮನದ್ದಲ್ಲ, ನಿಮ್ಮದೇ. ‘ಯಾರೂ ಇಲ್ಲ’ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಹಡಗು ಹತ್ತಿದ ದಿನ ಫೋನು ಮಾಡುತ್ತೇನೆ. ಎತ್ತಿ ಅಪ್ಪಾ.