ನೀಲಳಿಗಾಗಿ ಪುಂಡಿ

೧೮ ಮೇ ೨೦೦೩, ಭಾನುವಾರ

ಹನ್ನೆರಡಕ್ಕೆ ನೀಲ ಇರುವ ಕೇರ್ ಹೋಮ್‌ಗೆ ಹೋದೆ. ನೀಲ ಇಂದು ಎರಡು ಚಮಚ ಆಲೂಗಡ್ಡೆ ಮ್ಯಾಶ್, ಸ್ವಲ್ಪ ಮೊಸರು. ಮೂರನೆಯ ಚಮಚಕ್ಕೆ ತುಟಿ ಬಿಗಿದಳು. ನನ್ನನ್ನು ನೋಡಿ, "ಡಾಕ್ಟರ್ ಬಂದಾರ, ಖುರ್ಚಿ ಹಾಕ್ರಿ" ಎಂದು ಆರೈಕೆ ಮಾಡುವ ಡೋನಾಳಿಗೆ ಹೇಳಿದಳು. ಡೋನಾಳಿಗೆ ಕನ್ನಡ ಎಲ್ಲಿಂದ ಬರಬೇಕು? ಮೂವತ್ತು ವರ್ಷ ಇಂಗ್ಲೆಂಡಿನ ಈ ಹಡರ್ಸ್‌ಫೀಲ್ಡ್‌ನಲ್ಲೇ ನರ್ಸ್ ಆಗಿದ್ದ ನೀಲ ಇಂಗ್ಲಿಷು ಮರೆತಿದ್ದಾಳೆ. ಗಂಡನಾದ ನನ್ನನ್ನು ಮರೆತು ಹನ್ನೊಂದು ತಿಂಗಳಾಯಿತು.

ತೂಕ ಮತ್ತೆ ಇಳಿದಿದೆಯಂತೆ. "ಅವಳಿಗೆ ತುಂಬಾ ಇಷ್ಟವಾದದ್ದು ಏನಾದ್ರೂ ಇದೆಯಾ, ಲವ್? ಮೆತ್ತಗಿದ್ರೆ ಸಾಕು, ಮನೆಯಿಂದಲೇ ತನ್ನಿ" ಎಂದಳು ಡೋನಾ.

ಇದೆ. ಮಾರ್ಚಿನಲ್ಲಿ ಒಂದು ದಿನ ಕಿಟಕಿಯ ಕಡೆ ನೋಡುತ್ತ ತಾನಾಗಿಯೇ ಅಂದಿದ್ದಳು — "ಪುಂಡಿ ಪಲ್ಯ ಇದ್ರ ಉಣತೀನಿ." ಅಂದೇ ಗದಗಿಗೆ, ನನ್ನ ತಂಗಿ ಗಿರಿಜವ್ವಗೆ ಕಾಗದ ಬರೆದೆ. ಕವರಿನಲ್ಲಿ ಬೀಜ ಕಳಿಸಿದಳು. ಆ ಹುಳಿ ಸೊಪ್ಪು ಈ ಊರಿನ ಯಾವ ಅಂಗಡಿಯಲ್ಲೂ ಇಲ್ಲ.

ಇಂದು ಅಲಾಟ್‌ಮೆಂಟಿನಲ್ಲಿ, ಕೌನ್ಸಿಲ್ ಕೊಟ್ಟ ನನ್ನ ತುಂಡು ನೆಲದಲ್ಲಿ, ಒಂದು ಸಾಲು ತೋಡಿ ಬಿತ್ತಿದೆ. ಪಕ್ಕದ ತುಂಡಿನ ಬ್ಯಾರಿ ತನ್ನ ರೇಸ್ ಪಾರಿವಾಳಗಳ ಗೂಡು ಬಳಿದು ಎರಡು ಚೀಲ ಗೊಬ್ಬರ ಕೊಟ್ಟ. ಪೂರಾ ಸಾಲಿಗೆ ಸುರಿದೆ.

೧೨ ಜೂನ್, ಗುರುವಾರ, ಬೆಳಿಗ್ಗೆ

ಹುಟ್ಟಿವೆ! ಹದಿನಾಲ್ಕು ಸಸಿ. ಸಾಲು ಸ್ವಲ್ಪ ಸೊಟ್ಟ, ಇರಲಿ. ಎಲೆಗೆ ಬೆರಳು ಬಿಟ್ಟಂತೆ ಸೀಳು, ಅಂಚಿಗೆ ಗರಗಸ. ಪುಂಡಿಯೇ. ಗದಗಿನಲ್ಲಿ ಪುಂಡಿ ತಿಂದದ್ದುಂಟು, ಬೆಳೆದದ್ದಿಲ್ಲ. ಸಂತೆಯಿಂದ ಅವ್ವ ತರುತ್ತಿದ್ದ ಕಟ್ಟು ಕಣ್ಣ ಮುಂದಿದೆ — ಬಾಡಿದ ಎಲೆ, ಬಾಳೆನಾರು. ಮಗ್ಗದ ಮೆಕ್ಯಾನಿಕ್ ನಾನು. ಬಿಚ್ಚಿ ಜೋಡಿಸುವುದು ಗೊತ್ತು. ಮಣ್ಣಿನ ಕೆಲಸ ರಿಟೈರ್ ಆದ ಮೇಲೆ ಲೈಬ್ರರಿ ಪುಸ್ತಕ ಓದಿ ಕಲಿತದ್ದು.

೧೫ ಜೂನ್

ಹತ್ತೇ ಉಳಿದಿವೆ. ನಾಲ್ಕರ ಬುಡ ಕತ್ತರಿಸಿದಂತಿದೆ, ಸುತ್ತ ಬೆಳ್ಳಿಯ ಗೆರೆ. ಸ್ಲಗ್ — ಚಿಪ್ಪಿಲ್ಲದ ಬಸವನಹುಳ. ಬೂದಿ ಹಾಕಿದೆ, ಮಳೆಗೆ ತೊಳೆದು ಹೋಯಿತು. ಬ್ಯಾರಿ ಹೇಳಿದ (ಚಂದ್ರಪ್ಪ ಅವನ ಬಾಯಲ್ಲಿ ಚಾನ್): "ಬಿಯರ್, ಚಾನ್. ತಟ್ಟೆಯಲ್ಲಿ ಸುರಿದು ಹೂತಿಡು. ಕುಡಿಯೋಕೆ ಬಂದು ಮುಳುಗ್ತಾವೆ. ನಮ್ಮಪ್ಪನ ಹಾಗೆ."

ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊದಲ ಸಲ ಬಿಯರ್ ಕೊಂಡೆ. ಬಸ್ ಸ್ಟಾಪಿನಲ್ಲಿ ಡಾಕ್ಟರ್ ಹಾಲಪ್ಪ ಎದುರಾಗಬೇಕೆ? ದಾವಣಗೆರೆ ಕಡೆಯವರು, ಇಲ್ಲೇ GP ಆಗಿ ರಿಟೈರ್ ಆದವರು. ಚೀಲದೊಳಗೆ ಇಣುಕಿದರು.

"ಏನ್ರೀ ಚಂದ್ರಪ್ನೋರೇ, ಯಾವಾಗಿಂದ?"

"ನನಗಲ್ಲ ಡಾಕ್ಟ್ರೇ, ಹುಳಕ್ಕೆ."

"ನನ್ನ ಪೇಶಂಟ್‌ಗಳೂ ಹಿಂಗೇ ಏನಾದ್ರೂ ಹೇಳ್ತಿದ್ರು ಬಿಡ್ರಿ."

೬ ಜುಲೈ, ಭಾನುವಾರ

ಗಿಡ ಮೊಣಕಾಲೆತ್ತರ. ಎಲೆಯಡಿಗೆ ಹಸಿರು ಹೇನು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೋಸಿ, ಪಾತ್ರೆ ತೊಳೆಯುವ ಸೋಪು ಎರಡು ಹನಿ ಬೆರೆಸಿ, ಒಂದೊಂದೇ ಎಲೆ ಮಗುಚಿ ಸಿಂಪಡಿಸಿದೆ. ಕೈ ಉರಿಯಿತು. ಕಣ್ಣು ಒರೆಸಿಕೊಂಡೆ, ಕಣ್ಣೂ ಉರಿಯಿತು. ಕೆಳಗಿನ ಎಲೆ ಹಳದಿ. ನೀರು ಹೆಚ್ಚಾಗಿದೆ. ಪ್ರೀತಿ ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂದು ಬ್ಯಾರಿ ಬೈದ. ವಾರಕ್ಕೆ ಎರಡು ಸಲ ಸಾಕಂತೆ.

ಒಂದು ಎಲೆ ಅಗಿದು ನೋಡಿದೆ. ಹುಳಿ ಇಲ್ಲ. ಬಿಸಿಲು ಸಾಲದು, ಅದಕ್ಕೇ.

ನೀಲ ಮೂರು ಚಮಚ. ಡೋನಾ ಚಾರ್ಟಿನಲ್ಲಿ ಬರೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಗಿರಿಜವ್ವಗೆ 'ನಿನ್ನ ವೈನಿ ನೀಲ ಆರಾಮ ಇದ್ದಾಳ' ಎಂದು ಬರೆದೆ. ಬೇರೆ ಏನು ಬರೆಯಲಿ?

೧೦ ಆಗಸ್ಟ್, ಭಾನುವಾರ

ಇಂಥ ಸೆಕೆ ಈ ದೇಶದಲ್ಲಿ ಕಂಡಿಲ್ಲ. ಗದಗೇ ಇಲ್ಲಿಗೆ ಬಂದಂತಿದೆ. ಗಿಡ ನನ್ನ ಎದೆ ಮಟ್ಟ, ವಾಸನೆಯೂ ಜೋರು. ಆದರೆ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ — ಬೂದಿ ರೋಗ. ಬುಡದ ಒತ್ತೊತ್ತು ಎಲೆ ತೆಗೆದು ಗಾಳಿ ಆಡುವಂತೆ ಮಾಡಿದೆ. ನೀರು ಮಜ್ಜಿಗೆ ಸಿಂಪಡಿಸಿದೆ. ಲೈಬ್ರರಿ ಪುಸ್ತಕದಲ್ಲಿ ಹಾಲು ಅಂತ ಇದೆ, ಆದರೆ ಮನೆಯಲ್ಲಿದ್ದದ್ದು ಮಜ್ಜಿಗೆ.

ಬ್ಯಾರಿ ಬಹಳ ಹೊತ್ತು ನಿಂತು ನೋಡಿದ. "ಇದು... ನಿನ್ನ ಹೆಂಡತಿಗಾ?"

"ಹೌದು. ಇದಾದರೆ ತಿಂದಾಳು ಅಂತ."

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹಾಗಾದ್ರೆ ನಾನು ಏನೂ ನೋಡಿಲ್ಲ, ಲ್ಯಾಡ್." ಹೋಗಿ ತನ್ನ ಅವರೆ ಬಳ್ಳಿಯ ಕೋಲು, ಬಲೆ ತಂದು ರಸ್ತೆಯ ಕಡೆಗೆ ಮರೆ ಕಟ್ಟಿಕೊಟ್ಟ. ಗಾಳಿಗೆ ಇರಬೇಕು. ಒಳ್ಳೆಯ ಮನುಷ್ಯ.

೨೩ ಆಗಸ್ಟ್, ಶನಿವಾರ

ಎಳೆ ಎಲೆ ಕೊಯ್ದೆ. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿದೆ. ಎಷ್ಟು ಕುದಿಸಿದರೂ ಹುಳಿ ಬಿಡಲಿಲ್ಲ. ಹುಣಸೆಹಣ್ಣು ಹಿಂಡಿದೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗ ಅಡುಗೆಮನೆಯಲ್ಲಿ ನೀಲ ಇದ್ದಂತೆಯೇ ಆಯಿತು. ಫ್ರಿಜ್ಜಿನಲ್ಲಿಟ್ಟಿದ್ದೇನೆ, ನಾಳೆಗೆ.

೨೪ ಆಗಸ್ಟ್, ಭಾನುವಾರ, ಮಧ್ಯಾಹ್ನ ಮೂರು

ಮನೆಯಲ್ಲೇ ಒಂದು ಬಟ್ಟಲು ಪಲ್ಯ ತಿಂದು ಹೊರಟೆ.

ಪಲ್ಯ ಬಿಸಿ ಮಾಡಿ ಡೋನಾ ತಂದುಕೊಟ್ಟಳು. ಮೊದಲ ಚಮಚ ನಾನೇ ಬಾಯಿಗಿಟ್ಟೆ. ನೀಲ ಎರಡು ಸಲ ನಾಲಿಗೆ ಆಡಿಸಿದಳು. ಥೂ ಎಂದು ನನ್ನ ಅಂಗಿಯ ಮೇಲೇ ಉಗುಳಿದಳು.

"ಇದು ಪುಂಡಿ ಅಲ್ಲ."

"ಪುಂಡೀನ ಐತಿ ನೀಲಾ, ಗಿರಿಜಾ ಬೀಜ ಕಳಿಸ್ಯಾಳ—"

"ನನಗ ಹೇಳಾಕ ಬರ್ತೀರೇನು? ಹುಣಸಿಹಣ್ಣ ಹಿಂಡಿ ಪುಂಡಿ ಅಂತ ಉಣಿಸ್ತೀರಿ? ನಲವತ್ತ ವರ್ಷ ಆತು ನಿಮ್ಮ ಕೂಡ ಸಂಸಾರ ಮಾಡಾಕತ್ತು, ಒಂದ ದಿನರ ಸಂತ್ಯಾಗ ಸೊಪ್ಪ ನೋಡಿ ತಂದೀರೇನ್ರೀ? ಇವತ್ತ ಕಲೀತಾರಂತ!"

ರೀ ಅಂದಳು. ನಲವತ್ತು ವರ್ಷ ಅಂದಳು. ಡಾಕ್ಟರ್ ಅನ್ನಲಿಲ್ಲ.

ಬೈಯಲಿ ಎಂದು ಇನ್ನಷ್ಟು ಹತ್ತಿರ ಸರಿದು ಕೂತೆ. ಐದು ನಿಮಿಷ ಬೈದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು, ಮುಗಿಯಿತು. "ಏನಂತೆ? ಏನಂತೆ?" ಎಂದು ಡೋನಾ ಕೇಳಿದಳು. "ಅಡುಗೆ ಕೆಟ್ಟದಾಗಿದೆಯಂತೆ" ಎಂದು ಹೇಳುವಾಗ ನನ್ನ ಕಣ್ಣಲ್ಲಿ ನೀರು. ಬಸ್ಸಿನಲ್ಲಿ ಬರುವಾಗ ಒಬ್ಬನೇ ನಗುತ್ತಿದ್ದೆ. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದೆ.

೨೫ ಆಗಸ್ಟ್, ಸೋಮವಾರ

ಬ್ಯಾಂಕ್ ಹಾಲಿಡೇ. ಹಾಲಪ್ಪನವರನ್ನು ಕರೆದೊಯ್ದು ಗಿಡ ತೋರಿಸಿದೆ. ಪುಂಡಿ ಅಲ್ಲದಿದ್ದರೆ ಏನು ಎಂದು ಕೇಳಲು. ಬಲೆ ಸರಿಸಿದರು, ಒಂದು ಎಲೆ ತಿಕ್ಕಿ ಮೂಸಿದರು. ಮೊದಲು ರಸ್ತೆ ನೋಡಿದರು, ಆಮೇಲೆ ನನ್ನನ್ನು.

"ಚಂದ್ರಪ್ನೋರೇ, ಇದು ಭಂಗಿ ಕಣ್ರೀ. ಗಾಂಜಾ! ಮಠದ ಮುಂದೆ ಬೈರಾಗಿಗಳು ಸೇದ್ತಾರಲ್ಲ, ಅದು. ಪೊಲೀಸ್ ನೋಡಿದ್ರೆ ಏನ್ ಹೇಳ್ತೀರಿ? ನೀಲಮ್ಮಗೆ ಕೊಟ್ರಾ?"

"ಒಂದು ಚಮಚ. ಉಗುಳಿದಳು."

"ಪುಣ್ಯಾತ್ಗಿತ್ತಿ. ನೀವು?"

"ಒಂದು ಬಟ್ಟಲು. ಬಸ್ಸಿನಲ್ಲಿ ಬಹಳ ನಗು ಬಂತು."

"ಬರದೇ ಇರ್ತದೇನ್ರೀ? ಅದು ಸೊಪ್ಪಿನ ನಗು!"

ಇರಲಿಕ್ಕಿಲ್ಲ. ಹಾಲಪ್ಪನವರಿಗೆ ಹೆಂಡತಿ ದಿನಾ ಬೈಯುತ್ತಾರೆ, ಅವರಿಗೆ ಗೊತ್ತಾಗದು.

ಅಲ್ಲಿಂದಲೇ ಹೋಮ್‌ಗೆ ಓಡಿದೆವು. ಸಿಸ್ಟರ್‌ಗೆ ಎಲ್ಲ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ನೀಲಳ ನಾಡಿ, ಬಿ.ಪಿ. ನೋಡಿದರು, ಸರಿ ಇದೆ. ಸಿಸ್ಟರ್ ಬೈದರು. ಇನ್ನು ಮೇಲೆ ತರುವುದನ್ನು ಮೊದಲು ಅವರಿಗೆ ತೋರಿಸಬೇಕು. ನ್ಯಾಯವೇ. ನೀಲ ಮಲಗಿದ್ದಳು. ಅವಳ ಎದೆ ಏರಿ ಇಳಿಯುವುದನ್ನು ಒಂದು ಗಂಟೆ ನೋಡುತ್ತ ಕೂತೆ. ನನ್ನ ಕೈಯಿಂದಲೇ ಎಂಥದಾಗುತ್ತಿತ್ತು...

೨೬ ಆಗಸ್ಟ್

ಹತ್ತೂ ಕಿತ್ತೆ. ಹೇನು ಬಂದಾಗ, ಬೂದಿ ಬಂದಾಗ ಒಂದೊಂದು ಎಲೆ ಮಗುಚಿ ನೋಡಿದ ಗಿಡಗಳು. ಬೇರು ಸಲೀಸಾಗಿ ಬಂತು. ಬ್ಯಾರಿ ಓಡಿ ಬಂದ. "ಅವಳು... ಹೋದಳಾ?" ಇಲ್ಲ ಎಂದು ವಿಷಯ ಹೇಳಿದೆ. ಪಕ್ಕದ ಬಕೆಟ್ಟಿನ ಮೇಲೆ ಕೂತುಬಿಟ್ಟ. ಪಾರಿವಾಳದ ಕಾಳಿನಲ್ಲಿ ಆ ಬೀಜ ಇರುತ್ತದಂತೆ, ಗೊಬ್ಬರದ ಜೊತೆ ಬಂದಿರಬೇಕು. ಅವು ನಾರಿಗೆ ಬೆಳೆಯುವ ಜಾತಿ, ನಶೆ ಕಡಿಮೆ ಎಂದು ಸಮಾಧಾನ ಮಾಡಿದ. "ಅವಳ ನೋವಿಗೆ ಅಂತ ಬೇಕಂತಲೇ ಬೆಳೀತಿದ್ದೀಯ ಅಂದ್ಕೊಂಡೆ. ಪೇಪರಿನಲ್ಲಿ ಓದ್ತೀವಲ್ಲ." ಗಿರಿಜವ್ವನ ಬೀಜ ಒಂದೂ ಹುಟ್ಟಿರಲಿಲ್ಲ. ಚಳಿಗೆ ಮಣ್ಣಲ್ಲೇ ಕೊಳೆತಿವೆ.

೧೪ ಸೆಪ್ಟೆಂಬರ್, ಭಾನುವಾರ

ಮೂರು ವಾರದಿಂದ ನೀಲಳಿಗೆ ನಾನು ಮತ್ತೆ ಡಾಕ್ಟರ್. ಇವತ್ತು ಪಾಲಕ್ ಸೊಪ್ಪಿಗೆ ಬ್ಯಾರಿ ಕೊಟ್ಟ ರೂಬಾರ್ಬ್ ದಂಟು ಹಾಕಿ ಬೇಯಿಸಿದೆ, ಒಳ್ಳೆಯ ಹುಳಿ. ಸಿಸ್ಟರ್ ತಾವೇ ರುಚಿ ನೋಡಿ ಒಳಗೆ ಬಿಟ್ಟರು.

"ಪುಂಡಿ ತಂದೀನಿ ನೀಲಾ."

ಒಂದು ಚಮಚ. ಕಣ್ಣು ಕಿರಿದಾಯಿತು. "ಯಾರಿಗೆ ಮೋಸ ಮಾಡಾಕತ್ತೀರಿ? ಇದು ಪುಂಡಿ ಅಲ್ಲ. ನಿಮ್ಮವ್ವಗ ಹೇಳ್ತೀನಿ ತಡೀರಿ."

ಅವ್ವ ಹೋಗಿ ಮೂವತ್ತು ವರ್ಷ. ಹೇಳು, ಹೇಳು ಎಂದೆ.

೧೭ ಸೆಪ್ಟೆಂಬರ್

ಪಾಲಕ್, ಹುಳಿ ಸೇಬು. "ಪುಂಡಿ ಅಲ್ಲ." ಬೈಗುಳ ಎರಡು ನಿಮಿಷ.

೨೧ ಸೆಪ್ಟೆಂಬರ್

ಎಲೆಕೋಸು, ನಿಂಬೆ. ಬೇಕೆಂದೇ ಕೆಟ್ಟದಾಗಿ ಮಾಡಿದೆ. "ಅಲ್ಲ" ಎಂದಳು, ಅಷ್ಟೇ. ಕೈ ಮಾತ್ರ ಎತ್ತಿದಳು, ಹೊಡೆಯುವಂತೆ. ಡೋನಾ ಕೇಳಿದಳು: "ಅವಳು ತಿನ್ನೋದಿಲ್ಲ ಅಂತ ಗೊತ್ತಿದ್ದೂ ಯಾಕೆ ತರ್ತೀರಿ, ಲವ್?" ತೂಕ ಇನ್ನೂ ಇಳಿದಿದೆ. ಅವಳು ಉಣ್ಣಲಿ ಎಂದು ತರುತ್ತಿದ್ದೇನೋ, ಉಗುಳಲಿ ಎಂದು ತರುತ್ತಿದ್ದೇನೋ — ಇಲ್ಲಿ ಬರೆಯಲೂ ನಾಚಿಕೆ.

೫ ಅಕ್ಟೋಬರ್, ಭಾನುವಾರ

ಪಾಲಕ್, ರೂಬಾರ್ಬ್. ಮೊದಲ ಚಮಚ ಇಟ್ಟು ಕಾದೆ. ನುಂಗಿದಳು. ಬಾಯಿ ತೆರೆದಳು. ಎರಡನೆಯದು. "ಪುಂಡಿ ನೀಲಾ, ಹೌದಿಲ್ಲೋ?" ಮೂರು. ನಾಲ್ಕು. ನನ್ನ ಮುಖ ನೋಡಲಿಲ್ಲ, ಚಮಚವನ್ನು ನೋಡಿದಳು. ಬಟ್ಟಲು ಖಾಲಿ. ಮೇ ತಿಂಗಳಿನಿಂದ ಇಷ್ಟು ಉಂಡದ್ದಿಲ್ಲ.

ಡೋನಾ ಚಪ್ಪಾಳೆ ತಟ್ಟಿದಳು. ಸಿಸ್ಟರನ್ನೂ ಕರೆದಳು. "ಗೆದ್ದಿರಿ, ಚಂದ್ರಪ್ಪ! ನಾಳೆಯೂ ಇದನ್ನೇ ತನ್ನಿ!"

ಹೂಂ ಅಂದೆ. ನಾನೂ ಚಪ್ಪಾಳೆ ತಟ್ಟಿದೆ. ಬಾಯಿ ಒರೆಸಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, ಒಂದೇ ಒಂದು ಸಲ ಬೈದುಬಿಡು ನೀಲಾ ಎಂದು ಬೇಡಿಕೊಂಡೆ. ಅವಳು ಖಾಲಿ ಬಟ್ಟಲನ್ನೇ ನೋಡುತ್ತಿದ್ದಳು.