ಹಿನ್ನೀರಿಗೆ ಉಪ್ಪು ಸುರಿದವರಿಗೆ

ಮಾನ್ಯ ಹವಾಮಾನ ಯೋಜನೆಯ ನಿರ್ದೇಶಕರೇ,

ನಮ್ಮ ತಾಲ್ಲೂಕಿನ ಹೆಸರು ಸಾಗರ ಎಂದಿರುವುದರಿಂದ ಇಲ್ಲಿ ಸಮುದ್ರವಿದೆ ಎಂದು ತಾವು ತೀರ್ಮಾನಿಸಿದ್ದೀರಿ. ಆ ತೀರ್ಮಾನದ ದೆಸೆಯಿಂದ ನಾವು ಮೀನು ಹಿಡಿಯದೆ ಕುಳಿತಿದ್ದೇವೆ.

ಕಡಲಪಾಚಿ ಬೆಳೆಸಿದರೆ ಅದು ಇಂಗಾಲವನ್ನು ಹೀರಿಕೊಂಡು ಭೂಮಿಯ ಬಿಸಿ ತಗ್ಗಿಸುತ್ತದಂತೆ. ಒಳ್ಳೆಯದೇ. ಮಳೆ ಹೊತ್ತುಗೊತ್ತಿಲ್ಲದೆ ಬರುವುದನ್ನು ನಾವೂ ಕಾಣುತ್ತಿದ್ದೇವೆ. ಆದರೆ ಕಡಲಪಾಚಿಗೆ ಕಡಲು ಬೇಡವೇ? ತಮ್ಮ ಅಧಿಕಾರಿ ಹಗ್ಗಕ್ಕೆ ಕಟ್ಟಿದ ಪಾಚಿಯನ್ನು ಲಾರಿಯಲ್ಲಿ ತಂದು ಹೊನ್ನೆಮರಡಿನ ಬಳಿ ಲಿಂಗನಮಕ್ಕಿ ಹಿನ್ನೀರಿಗೆ ಇಳಿಸಿದರು. ಇದೇ ನೀರಿಗೆ ಬಲೆ ಬೀಸಿ ಮಕ್ಕಳನ್ನು ಸಾಕಿದ ನನ್ನ ಅತ್ತೆ ದುಗ್ಗಮ್ಮ ದಡದಲ್ಲಿ ನಿಂತು ನೋಡುತ್ತಿದ್ದರು.

“ಸ್ವಾಮಿ, ಇದು ಶರಾವತಿ ನೀರು. ನಾವು ಕುಡಿಯೋದೇ ಇದನ್ನ.”

“ಗೊತ್ತಮ್ಮ. ಆದ್ರೆ ಆರ್ಡರ್‌ನಲ್ಲಿ ಸಾಗರ ಅಂತಿದೆ. ನಾನೇನ್ ಮಾಡ್ಲಿ?”

ವಾರದೊಳಗೆ ಪಾಚಿ ಕೊಳೆತು ನಾರಿತು. ತಪ್ಪು ಪಾಚಿಯದ್ದಲ್ಲ, ನೀರಿನದ್ದು ಎಂದು ತಮ್ಮ ಕಚೇರಿ ಕಂಡುಹಿಡಿದು ಒಂದು ಲಾರಿ ಉಪ್ಪು ಕಳುಹಿಸಿತು! ಅಧಿಕಾರಿ ನಮ್ಮದೇ ದೋಣಿಯಲ್ಲಿ ಕುಳಿತು, ಮುಖ ಆಚೆ ತಿರುಗಿಸಿಕೊಂಡು ಮೂಟೆ ಸುರಿದರು.

“ಉಪ್ಪಾತು. ಹುಳಿ, ಖಾರ ಯಾವಾಗ ಬರ್ತೈತೆ?” ಎಂದರು ಅತ್ತೆ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು, ಪಾಪ.

ನಗು ಅಲ್ಲಿಗೇ ನಿಂತಿತು. ಉಪ್ಪು ಸುರಿದರೂ ಪಾಚಿ ಉಳಿಯದಿರಲು ನಮ್ಮ ದೋಣಿಗಳೇ ಕಾರಣವೆಂದು ಹಿನ್ನೀರನ್ನು ‘ಸಂರಕ್ಷಿತ ಕಡಲು’ ಎಂದು ಘೋಷಿಸಿ ಬಲೆಗಳನ್ನು ಜಪ್ತಿ ಮಾಡಿದಿರಿ. ಬಿಡಿಸಿಕೊಳ್ಳಲು ಹೋದರೆ ತಮ್ಮ ಗುಮಾಸ್ತರು, “ಮೀನುಗಾರರಾದ್ರೆ ಬಂದರಿನಿಂದ ಪತ್ರ ತನ್ನಿ” ಎಂದರು.

ಅತ್ತೆ ನನ್ನ ಮುಖ ನೋಡಿದರು. “ಬಂದರು ಎಲ್ಲೈತೆ ಸರೋಜಾ?”

ಮೊನ್ನೆ ಮನೆಯ ಸೊಳ್ಳೆಪರದೆಯನ್ನೇ ಬಲೆಯಾಗಿ ಹಿಡಿದು ಅತ್ತೆ ನೀರಿಗಿಳಿದರು. ತಮ್ಮ ಕಾವಲುಗಾರ ಅದನ್ನೂ ಕಿತ್ತುಕೊಂಡ. ಈಗ ಸಾರಿಗೆ ಮೀನಿಲ್ಲ, ಮಲಗಿದರೆ ನಿದ್ದೆಯಿಲ್ಲ.

ಅತ್ತೆ ಹುಟ್ಟಿದ ಊರು ಈ ನೀರಿನಡಿಯಲ್ಲೇ ಇದೆ. ನಾಡಿಗೆ ಕರೆಂಟು ಬೇಕೆಂದಾಗ ಅವರ ಹಿರಿಯರು ನೆಲ ಬಿಟ್ಟುಕೊಟ್ಟರು. ಈಗ ಭೂಮಿ ತಂಪಾಗಲೆಂದು ನೀರನ್ನೂ ಬಿಡಬೇಕೇ? ಅದೂ ಇಲ್ಲದ ಕಡಲಿಗಾಗಿ? ಮುಂದಿನ ಹಂತದಲ್ಲಿ ಹೊಸನಗರವೂ ಕರಾವಳಿಯಾಗಿ, ತೀರ್ಥಹಳ್ಳಿಯಲ್ಲಿ ದೀಪಸ್ತಂಭ ಏಳುತ್ತದೆಂದು ಸುದ್ದಿ. ಹಡಗು ಎಲ್ಲಿಂದ ತರಿಸುತ್ತೀರಿ?

ನಮ್ಮ ಬಲೆಗಳನ್ನು, ಆ ಸೊಳ್ಳೆಪರದೆಯನ್ನು ಹಿಂತಿರುಗಿಸಿ. ಮೀನು ಹಿಡಿಯಲು ಬಿಡಿ. ಕಡಲಿನ ಕೆಲಸವನ್ನು ಕಡಲಿನಲ್ಲೇ ಮಾಡಿ. ಘಟ್ಟ ಇಳಿದರೆ ಹೊನ್ನಾವರದಲ್ಲಿ ಬೇಕಾದಷ್ಟು ಕಡಲು ಸಿಗುತ್ತದೆ. ದಾರಿ ತಿಳಿಯದಿದ್ದರೆ ಅತ್ತೆಯೂ ಜೀಪಿನಲ್ಲಿ ಬರುತ್ತಾರಂತೆ. ಅವರೂ ಈವರೆಗೆ ಸಮುದ್ರ ನೋಡಿಲ್ಲ.

ಇಂತಿ,
ತಮ್ಮ ಆದೇಶದ ಮೇರೆಗೆ ಕರಾವಳಿಯವಳಾದ
ಸರೋಜ, ಸಾಗರ ತಾಲ್ಲೂಕು